ವಿಕಥೆಯ ವ್ಯಾಪಾರ

2024ರ ಏಪ್ರಿಲ್ 26ರಂದು ಹಾಸನ ಲೋಕಸಭಾ ಕ್ಷೇತ್ರದಲ್ಲಿ ಮತದಾನ ನಡೆಯಿತು. ಅದಕ್ಕೆ ಮುಂಚಿನ ಕೆಲವು ದಿನಗಳಲ್ಲಿ ಆ ಜಿಲ್ಲೆಯಲ್ಲಿ ಪೆನ್‌ಡ್ರೈವ್‌ಗಳು ಹಂಚಿಕೆಯಾದುವು. ಜನ ಸೇರುವ ಸ್ಥಳಗಳಲ್ಲಿ ಅವು ಬಿದ್ದಿದ್ದುವೆಂದು ಪತ್ರಿಕೆಗಳು ವರದಿ ಮಾಡಿದುವು. ಅವುಗಳೊಳಗೆ ಇದ್ದುದು ಕ್ಷೇತ್ರದ ಅಂದಿನ ಸಂಸದರೂ ಪುನಃ ಅಭ್ಯರ್ಥಿಯೂ ಆಗಿದ್ದ ಪ್ರಜ್ವಲ್ ರೇವಣ್ಣ ಅವರಿಗೆ ಸಂಬಂಧಿಸಿದವೆಂದು ಹೇಳಲಾದ ಲೈಂಗಿಕ ದೃಶ್ಯಗಳು. ಹಂಚಿದವರು ಆ ದೃಶ್ಯಗಳಲ್ಲಿದ್ದ ಮಹಿಳೆಯರ ಮುಖವನ್ನು ಮರೆಮಾಡುವಷ್ಟು ಕನಿಕರವನ್ನೂ ತೋರಲಿಲ್ಲ. ಒಂದೆರಡು ದಿನಗಳಲ್ಲಿ ಅವು ಮೊಬೈಲಿನಿಂದ ಮೊಬೈಲಿಗೆ ಹರಿದು ಮನೆಮನೆಯನ್ನು ಹೊಕ್ಕುವು. ಅಹಿಂಸೆಯ ಮಹಾಮೂರ್ತಿ ನಿಂತಿರುವ ಶ್ರವಣಬೆಳಗೊಳವೂ ಅದೇ ಜಿಲ್ಲೆಯಲ್ಲಿದೆ ಎಂಬುದನ್ನು ಸಮಾಜ ಮರೆಯಲಾಗದು.

ಆ ಮುಂದಿನ ವಾರಗಳಲ್ಲಿ ರಾಜ್ಯದ ತುಂಬ ಚರ್ಚೆಯೋ ಚರ್ಚೆ. ದೃಶ್ಯಗಳ ಸಂಖ್ಯೆ ಎಷ್ಟು? ಅವುಗಳನ್ನು ಹೊರಗೆ ತಂದವರು ಯಾರು? ಹಂಚಿಸಿದ ಪಕ್ಷ ಯಾವುದು? ಸಂಸದರು ವಿದೇಶಕ್ಕೆ ತೆರಳಲು ಅವಕಾಶ ಹೇಗಾಯಿತು? ಯಾವ ಸಮುದಾಯದ ಮತ ಎತ್ತ ವಾಲೀತು? ಮೈತ್ರಿ ಉಳಿಯುವುದೇ, ಮುರಿಯುವುದೇ? ಇವುಗಳಲ್ಲಿ ಕೆಲವು ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಎಲ್ಲಕ್ಕೂ ಮೊದಲು ಕೇಳಬೇಕಾಗಿದ್ದ ಒಂದು ಪ್ರಶ್ನೆ ಈ ಗದ್ದಲದಲ್ಲಿ ಅಡಗಿಹೋಯಿತು. ಆ ಮಹಿಳೆಯರಿಗೆ 'ಬೇಡ' ಎನ್ನುವ ಸ್ವಾತಂತ್ರ್ಯವಿತ್ತೇ? ಅದು ಇಲ್ಲದಂತೆ ಮಾಡಿದ ಬಲ ಯಾವುದು?

ಕಾಮದ ಸುದ್ದಿಯನ್ನು ಎತ್ತರದ ಧ್ವನಿಯಲ್ಲಿ ಸಾರುವುದು, ಅಧಿಕಾರದ ಪ್ರಶ್ನೆಯನ್ನು ಮೆಲ್ಲನೆ ಬದಿಗೆ ಸರಿಸುವುದು, ಇದೇ ಇಂದಿನ ಮಾಧ್ಯಮ ಮತ್ತು ರಾಜಕಾರಣಗಳು ಕೂಡಿ ನಡೆಸುತ್ತಿರುವ ವ್ಯಾಪಾರ. ಈ ವ್ಯಾಪಾರದಲ್ಲಿ ಲಾಭವೆಲ್ಲ ವಾಹಿನಿಗೂ ಪಕ್ಷಕ್ಕೂ ಜಮೆಯಾಗುತ್ತದೆ; ನಷ್ಟವೆಲ್ಲ ಹೆಸರಿಲ್ಲದ ಹೆಣ್ಣುಮಗಳೊಬ್ಬಳ ಖಾತೆಗೆ ಬೀಳುತ್ತದೆ. ಧರ್ಮವನ್ನು ಬಲ್ಲ ಸಮಾಜವು ಈ ಲೆಕ್ಕವನ್ನು ಒಪ್ಪಿ ಸಹಿ ಹಾಕುವಂತಿಲ್ಲ.

ಎರಡು ವಿಕಥೆಗಳ ಸಂಗಮ

ಆಚಾರ್ಯರು ಪ್ರಮಾದದ ಹದಿನೈದು ಭೇದಗಳನ್ನು ಎಣಿಸಿರುವರು. ಅವುಗಳಲ್ಲಿ ಮೊದಲ ನಾಲ್ಕು ವಿಕಥೆಗಳು: ಸ್ತ್ರೀಕಥೆ, ಭೋಜನಕಥೆ, ರಾಷ್ಟ್ರಕಥೆ ಮತ್ತು ರಾಜಕಥೆ. ಸ್ತ್ರೀಕಥೆಯೆಂದರೆ ಸ್ತ್ರೀಯರ ಕಷ್ಟಸುಖಗಳನ್ನು ಕುರಿತ ಮಾತಲ್ಲ. ಹೆಣ್ಣಿನ ದೇಹವನ್ನು ರಾಗದಿಂದ ವರ್ಣಿಸಿ ಕೇಳುವವನ ಮನಸ್ಸನ್ನು ಕಲಕುವ ಮಾತು. ರಾಜಕಥೆಯೆಂದರೆ ರಾಜನೀತಿಯ ವಿಚಾರವಲ್ಲ. ಆಳುವವರ ಏಳುಬೀಳುಗಳನ್ನು ಚಪ್ಪರಿಸಿ ಹೇಳುವ ಹರಟೆ. ಹಿಂದಿನ ಕಾಲದಲ್ಲಿ ಇವೆರಡೂ ಜಗಲಿಯ ಮೇಲೆ ಬೇರೆಬೇರೆಯಾಗಿ ನಡೆಯುತ್ತಿದ್ದುವು. ಇಂದಿನ ವಾಹಿನಿಗಳ ಚಾತುರ್ಯವಿರುವುದು ಇವೆರಡನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿ, ರಾತ್ರಿ ಒಂಬತ್ತು ಗಂಟೆಗೆ ಮಕ್ಕಳುಮರಿಗಳೊಡನೆ ಕುಳಿತ ಸಂಸಾರಕ್ಕೆ ಬಡಿಸುವುದರಲ್ಲಿ.

ವಿಕಥೆಯನ್ನು ಪ್ರಮಾದದ ಸಾಲಿನಲ್ಲಿ ಏಕೆ ಇಟ್ಟರೆಂಬುದು ವಿಚಾರಾರ್ಹ. ಪ್ರಮಾದವೇ ಹಿಂಸೆಯ ಮೂಲವೆಂಬುದು ಜೈನ ತತ್ತ್ವದ ಬುನಾದಿ. ಮಾತಿನ ಚಪಲದಲ್ಲಿ ಎಚ್ಚರ ತಪ್ಪಿದವನಿಗೆ ಎದುರಿನ ಜೀವ ಕಾಣಿಸದು. ಹಾಸನದ ಪ್ರಕರಣದಲ್ಲಿ ಆದುದೂ ಇದೇ. ಮೂರು ಸಾವಿರಕ್ಕೆ ಹತ್ತಿರದ ಸಂಖ್ಯೆಯೊಂದನ್ನು ದೃಶ್ಯಗಳ ಲೆಕ್ಕವೆಂದು ತಲೆಬರಹದಲ್ಲಿ ಮೆರೆಸಲಾಯಿತು. ದೃಶ್ಯವನ್ನು ಎಣಿಸಿದವರು ಜೀವಗಳನ್ನು ಎಣಿಸಲಿಲ್ಲ. ಕೆಲವು ಮಹಿಳೆಯರು ಅವಮಾನ ತಾಳಲಾರದೆ ಊರನ್ನೇ ತೊರೆದರೆಂಬ ವರದಿ ಒಳಪುಟದ ಮೂಲೆಗೆ ಸೇರಿತು.

'ಇದ್ದುದನ್ನು ಇದ್ದಂತೆ ತೋರಿಸಿದೆವು. ಸತ್ಯವನ್ನು ಹೇಳುವುದು ತಪ್ಪೇ?' ಎಂದು ಮಾಧ್ಯಮದವರು ಕೇಳುವುದುಂಟು. ಇದಕ್ಕೆ ಉತ್ತರ ಶತಮಾನಗಳ ಹಿಂದೆಯೇ ದೊರೆತಿದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ 'ರಹೋಭ್ಯಾಖ್ಯಾನ'ವನ್ನು ಒಂದಾಗಿ ಎಣಿಸಿದರು. ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದ ವರ್ತನೆಯನ್ನು ಬಹಿರಂಗಪಡಿಸುವುದೇ ಅದರ ಅರ್ಥವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿರುವರು. ಇಲ್ಲೊಂದು ಸೂಕ್ಷ್ಮವಿದೆ. ಈ ದೋಷವನ್ನು ಬ್ರಹ್ಮಚರ್ಯಾಣುವ್ರತದ ಕೆಳಗೆ ಇಡದೆ ಸತ್ಯಾಣುವ್ರತದ ಕೆಳಗೆ ಇಟ್ಟಿರುವುದು ಆಕಸ್ಮಿಕವಲ್ಲ. ಹೇಳಿದ ಸಂಗತಿ ಸುಳ್ಳಲ್ಲದಿದ್ದರೂ ಹೇಳಿದವನ ಸತ್ಯವ್ರತಕ್ಕೆ ಕಲೆ ತಗಲುವುದೆಂಬುದು ಇದರ ತಾತ್ಪರ್ಯ. ಇದ್ದುದನ್ನು ತೋರಿಸಿದುದೇ ಸತ್ಯನಿಷ್ಠೆಯೆಂದು ಬೀಗುವವರು ಸತ್ಯದ ಅರ್ಧವನ್ನು ಮಾತ್ರ ಓದಿದವರು.

ದೇಶದ ಕಾನೂನು ಕೂಡ ಇದೇ ಹಾದಿಯಲ್ಲಿದೆ. ಅತ್ಯಾಚಾರಕ್ಕೊಳಗಾದ ಮಹಿಳೆಯ ಗುರುತನ್ನು ಪ್ರಕಟಿಸುವುದು ಭಾರತೀಯ ದಂಡಸಂಹಿತೆಯ 228ಎ ಕಲಮಿನಂತೆ ಎರಡು ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಯಾಗುವ ಅಪರಾಧವಾಗಿತ್ತು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿಯೂ ಇದು 72ನೆಯ ಕಲಮಾಗಿ ಉಳಿದಿದೆ. ಹೆಸರು ಮಾತ್ರವಲ್ಲ, ಆಕೆಯನ್ನು ಗುರುತಿಸಲು ನೆರವಾಗುವ ಯಾವ ವಿವರವನ್ನೂ ಪ್ರಕಟಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 2018ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಲೈಂಗಿಕ ದೃಶ್ಯಗಳನ್ನು ವಿದ್ಯುನ್ಮಾನ ಮಾರ್ಗದಲ್ಲಿ ರವಾನಿಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮದ 67ಎ ಕಲಮಿನಂತೆ ಮೊದಲ ಬಾರಿಗೇ ಐದು ವರ್ಷಗಳವರೆಗೆ ಶಿಕ್ಷೆಗೆ ಅರ್ಹವಾದುದು. ಹಾಸನದ ದೃಶ್ಯಗಳನ್ನು ಹಂಚುವವರ ಮೇಲೂ ಕ್ರಮ ಜರುಗಿಸುವೆವೆಂದು ವಿಶೇಷ ತನಿಖಾ ದಳವು ಎಚ್ಚರಿಸಬೇಕಾಗಿ ಬಂದಿತು. ಆಸ್ತಿಕ ಮನೆಗಳಲ್ಲಿಯೂ ಈ ಎಚ್ಚರಿಕೆ ಅಗತ್ಯವಾಗಿತ್ತೆಂಬುದು ಲಜ್ಜೆಯ ಸಂಗತಿ.

ಸದನದ ಗೌರವ, ಪಕ್ಷದ ಗೌರವ

ರಾಜಕಾರಣದ ಪಾಲೇನೆಂಬುದನ್ನು ನೋಡಲು ಹಿಂದಿನ ಒಂದು ಘಟನೆ ಸಾಕು. 2012ರ ಫೆಬ್ರವರಿ 7ರಂದು ಕರ್ನಾಟಕ ವಿಧಾನಸಭೆಯ ಕಲಾಪ ನಡೆಯುತ್ತಿದ್ದಾಗ, ಸಚಿವರು ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ವೀಕ್ಷಿಸುತ್ತಿದ್ದುದು ವಾಹಿನಿಯ ಕ್ಯಾಮೆರಾದಲ್ಲಿ ಸೆರೆಯಾಯಿತು. ಮರುದಿನವೇ ಮೂವರು ಸಚಿವರು ರಾಜೀನಾಮೆಯಿತ್ತರು. ಆಗ ಎದ್ದ ಮಾತು ಸದನದ ಪಾವಿತ್ರ್ಯವನ್ನು, ಪಕ್ಷದ ಮಾನವನ್ನು, ಸರಕಾರದ ಸ್ಥಿರತೆಯನ್ನು ಸುತ್ತಿಕೊಂಡಿತ್ತು. ಹೆಣ್ಣಿನ ದೇಹವನ್ನು ನೋಟದ ಸರಕನ್ನಾಗಿಸಿದ ಮನೋಧರ್ಮವು ಶಾಸನ ರೂಪಿಸುವ ಕೈಗಳಲ್ಲಿದ್ದರೆ ಆ ಶಾಸನದ ಗತಿಯೇನೆಂಬ ಮಾತು ಮುಂದುವರಿಯಲಿಲ್ಲ. ಆ ಮೂವರಲ್ಲೊಬ್ಬರು 2019ರಲ್ಲಿ ಉಪಮುಖ್ಯಮಂತ್ರಿಯಾದರು. ರಾಜೀನಾಮೆಯು ಪಶ್ಚಾತ್ತಾಪವಾಗಿರಲಿಲ್ಲ, ಗದ್ದಲ ಇಳಿಯುವವರೆಗಿನ ಬಿಡುವಾಗಿತ್ತೆಂದು ಜನ ಭಾವಿಸಿದರೆ ಅವರನ್ನು ದೂರುವಂತಿಲ್ಲ.

ಪಕ್ಷಗಳ ನೀತಿ ಒಂದೇ ಬಗೆಯದು. ಎದುರುಪಕ್ಷದವನ ಮೇಲೆ ದೂರು ಬಂದರೆ ಅದು ಮಹಿಳೆಯ ಮಾನದ ಪ್ರಶ್ನೆ. ಸ್ವಪಕ್ಷದವನ ಮೇಲೆ ಬಂದರೆ ಅದು ಷಡ್ಯಂತ್ರ. ದೂರು ಕೊಟ್ಟವಳ ಜಾತಿ ಯಾವುದು, ನಡತೆ ಎಂತಹುದು, ಇಷ್ಟು ದಿನ ಏಕೆ ಸುಮ್ಮನಿದ್ದಳು, ಹಿಂದೆ ಯಾರಿದ್ದಾರೆ ಎಂದು ಕೆದಕುವುದರಲ್ಲಿ ಎಲ್ಲ ಪಕ್ಷದವರೂ ಸಮಾನ ನಿಪುಣರು. ಮಹಿಳೆಯರ ಪರವಾಗಿ ಮೈಕಿನ ಮುಂದೆ ಗುಡುಗುವ ಇದೇ ಪಕ್ಷಗಳು ತಮ್ಮ ಕಚೇರಿಗಳ ಮಟ್ಟಿಗೆ ಹೇಗಿವೆ? ರಾಜಕೀಯ ಪಕ್ಷ ಮತ್ತು ಅದರ ಸದಸ್ಯರ ನಡುವೆ ಮಾಲೀಕ-ನೌಕರ ಸಂಬಂಧವಿಲ್ಲವಾದುದರಿಂದ ಅವು ಲೈಂಗಿಕ ಕಿರುಕುಳದ ದೂರು ಸಮಿತಿ ರಚಿಸಲು ಬದ್ಧವಲ್ಲವೆಂದು ಕೇರಳ ಉಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. ಕಾನೂನು ಕಡ್ಡಾಯ ಮಾಡದಿದ್ದರೂ ಸ್ವಪ್ರೇರಣೆಯಿಂದ ಮಾಡಲು ಯಾರೂ ಅಡ್ಡಬರುತ್ತಿರಲಿಲ್ಲ.

ನ್ಯಾಯಾಲಯ ಕೇಳಿದ ಪ್ರಶ್ನೆ

ಗದ್ದಲವೆಲ್ಲ ಇಳಿದು ಕ್ಯಾಮೆರಾಗಳು ಬೇರೆಡೆಗೆ ತಿರುಗಿದ ಮೇಲೆ, ಹಾಸನದ ಪ್ರಕರಣಗಳಲ್ಲಿ ಒಂದರ ತೀರ್ಪು ಬಂದಿತು. ಮನೆಗೆಲಸದ ಮಹಿಳೆಯೊಬ್ಬರು ಧೈರ್ಯದಿಂದ ಕೊಟ್ಟ ದೂರಿನ ಮೇಲೆ, ಬೆಂಗಳೂರಿನ ವಿಶೇಷ ನ್ಯಾಯಾಲಯವು 2025ರ ಆಗಸ್ಟ್ 1ರಂದು ಆ ಮಾಜಿ ಸಂಸದರನ್ನು ತಪ್ಪಿತಸ್ಥರೆಂದು ಘೋಷಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ತೀರ್ಪಿನ ವಿರುದ್ಧ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಕೆಯಾಯಿತು. ಅಂತಿಮ ನಿರ್ಣಯ ನ್ಯಾಯಪೀಠಗಳಿಗೆ ಬಿಟ್ಟದ್ದು. ಆದರೆ ಅವರನ್ನು ಯಾವ ಕಲಮಿನಡಿ ತಪ್ಪಿತಸ್ಥರೆನ್ನಲಾಯಿತೆಂಬುದು ಗಮನಿಸತಕ್ಕ ಅಂಶ. ದಂಡಸಂಹಿತೆಯ 376ನೆಯ ಕಲಮಿನ ಒಂದು ಉಪಖಂಡವು, ಮಹಿಳೆಯ ಮೇಲೆ ಹತೋಟಿ ಅಥವಾ ಮೇಲಾಳ್ವಿಕೆ ಹೊಂದಿರುವ ಸ್ಥಾನದಲ್ಲಿದ್ದವನು ಎಸಗುವ ಅತ್ಯಾಚಾರವನ್ನು ಪ್ರತ್ಯೇಕವಾಗಿ, ಹೆಚ್ಚು ಕಠಿಣವಾಗಿ ಪರಿಗಣಿಸುತ್ತದೆ. ಅದು 2013ರ ತಿದ್ದುಪಡಿಯಿಂದ ಸೇರಿದುದು. ಆ ಉಪಖಂಡವೂ ಈ ತೀರ್ಪಿನ ಆಧಾರಗಳಲ್ಲೊಂದು.

ಎಂದರೆ, ವಾಹಿನಿಗಳು ತಿಂಗಳುಗಟ್ಟಲೆ ಹರಟಿದರೂ ಎತ್ತಿಕೊಳ್ಳದ ಪ್ರಶ್ನೆಯನ್ನು ಕಾನೂನು ಮೊದಲೇ ಎತ್ತಿಟ್ಟಿತ್ತು. ಹೊಟ್ಟೆಪಾಡಿಗಾಗಿ ಒಂದು ಮನೆಯ ಬಾಗಿಲಿನಲ್ಲಿ ನಿಂತವಳಿಗೂ, ಊರನ್ನೇ ಆಳುವ ಆ ಮನೆಯ ಮಗನಿಗೂ ಇರುವ ಅಂತರವೇ ಅಪರಾಧದ ಮುಖ್ಯ ಅಂಗ. ಈ ಅಂತರ ಕ್ಯಾಮೆರಾದಲ್ಲಿ ಮೂಡುವಂತಹುದಲ್ಲ. ಮೂಡದುದನ್ನು ಮಾಧ್ಯಮ ತೋರಿಸದು. ತೋರಿಸಿದರೆ ತನ್ನ ಬುಡವೂ ಅಲುಗೀತೆಂದು ರಾಜಕಾರಣ ಅದನ್ನು ಬಯಸದು.

ಹಿಂದಿನ ದಾರಿಯನ್ನು ನೆನೆದರೆ ಈ ಮಾತು ಇನ್ನೂ ದೃಢವಾಗುತ್ತದೆ. ರಾಜಸ್ಥಾನದ ಭಟೇರಿ ಗ್ರಾಮದಲ್ಲಿ ಸರಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ 'ಸಾಥಿನ್' ಆಗಿ ದುಡಿಯುತ್ತಿದ್ದ ಭಂವರಿ ದೇವಿಯವರು, ಇನ್ನೂ ವರ್ಷ ತುಂಬದ ಹಸುಗೂಸಿನ ಮದುವೆಯನ್ನು ತಡೆಯಲು ಯತ್ನಿಸಿದರು. ಅದರ ಸೇಡಿಗಾಗಿ 1992ರ ಸೆಪ್ಟೆಂಬರ್‌ನಲ್ಲಿ ತಮ್ಮ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತೆಂದು ಅವರು ದೂರಿತ್ತರು. 1995ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಆದರೆ ಮಹಿಳಾ ಸಂಘಟನೆಗಳು ಇನ್ನೊಂದು ಪ್ರಶ್ನೆಯನ್ನು ಹಿಡಿದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದುವು. ಸರಕಾರದ ಕೆಲಸ ಮಾಡುವಾಗ ಆಕೆಗೆ ಬಂದೊದಗಿದ ಅಪಾಯಕ್ಕೆ ಕೆಲಸ ಕೊಟ್ಟವರ ಹೊಣೆಯೇನು? 1997ರ ಆಗಸ್ಟ್ 13ರ ವಿಶಾಖಾ ತೀರ್ಪು ಈ ಪ್ರಶ್ನೆಯ ಫಲ. ಅಧಿಕಾರದ ಪ್ರಶ್ನೆ ಕೇಳಿದುದರಿಂದ ದೇಶದ ದುಡಿಯುವ ಹೆಣ್ಣುಮಕ್ಕಳಿಗೆಲ್ಲ ಒಂದು ರಕ್ಷೆ ದೊರೆಯಿತು. ಕಾಮದ ಕಥೆ ಕೇಳಿದುದರಿಂದ ಯಾರಿಗೆ ಯಾವ ರಕ್ಷೆ ದೊರೆತಿದೆ?

ಮುಚ್ಚಿಡುವುದು ಧರ್ಮವೇ?

ಇಷ್ಟನ್ನು ಓದಿದವರಲ್ಲಿ ಕೆಲವರು ಸಮಾಧಾನದಿಂದ ತಲೆದೂಗಬಹುದು. 'ಸರಿಯಾಗಿದೆ, ಇಂತಹ ವಿಷಯಗಳನ್ನು ಬೀದಿಗೆ ತರಬಾರದು. ಒಳಗೊಳಗೇ ಮುಗಿಸಬೇಕು' ಎಂದು ಅವರು ಹೇಳಬಹುದು. ಅವರು ತಪ್ಪು ತಿಳಿದಿದ್ದಾರೆ. ವಿಕಥೆ ಬೇರೆ, ದೂರು ಬೇರೆ. ನೋಡುಗನ ಚಪಲಕ್ಕಾಗಿ ಪರರ ಏಕಾಂತವನ್ನು ಬಿಚ್ಚುವುದು ರಹೋಭ್ಯಾಖ್ಯಾನ. ತನಗಾದ ಅನ್ಯಾಯವನ್ನು ನೊಂದವಳೇ ನ್ಯಾಯಕ್ಕಾಗಿ ಹೇಳುವುದು ಸತ್ಯವ್ರತವೇ. ಬಲವಂತ ನಡೆದಲ್ಲಿ 'ಏಕಾಂತ'ವೆಂಬ ಮಾತೇ ಸಲ್ಲದು, ಅದು ಹಿಂಸೆಯ ಸ್ಥಳ.

ಕೇಂದ್ರದಲ್ಲಿ ರಾಜ್ಯ ಸಚಿವರಾಗಿದ್ದ, ಅದಕ್ಕೆ ಮುಂಚೆ ಹೆಸರಾಂತ ಸಂಪಾದಕರಾಗಿದ್ದ ಎಂ.ಜೆ. ಅಕ್ಬರ್ ಅವರ ಮೇಲೆ 2018ರಲ್ಲಿ ಹಲವು ಪತ್ರಕರ್ತೆಯರು ಆರೋಪ ಮಾಡಿದರು. ಆರೋಪಗಳನ್ನು ನಿರಾಕರಿಸಿದ ಅವರು ಅಕ್ಟೋಬರ್ 17ರಂದು ರಾಜೀನಾಮೆಯಿತ್ತರು. ಪತ್ರಕರ್ತೆ ಪ್ರಿಯಾ ರಮಣಿಯವರ ಮೇಲೆ ಮಾನನಷ್ಟ ಮೊಕದ್ದಮೆಯನ್ನೂ ಹೂಡಿದರು. 2021ರ ಫೆಬ್ರವರಿ 17ರಂದು ದೆಹಲಿಯ ನ್ಯಾಯಾಲಯ ರಮಣಿಯವರನ್ನು ದೋಷಮುಕ್ತಗೊಳಿಸಿತು. ಮಹಿಳೆಯ ಘನತೆಯನ್ನು ಬಲಿಗೊಟ್ಟು ಇನ್ನೊಬ್ಬರ ಕೀರ್ತಿಯನ್ನು ಕಾಯಲಾಗದು, ದಶಕಗಳ ನಂತರವೂ ಆಕೆ ತನ್ನ ನೋವನ್ನು ಹೇಳಿಕೊಳ್ಳಬಹುದು ಎಂಬುದು ಆ ತೀರ್ಪಿನ ಸಾರ. 'ಇಷ್ಟು ದಿನ ಏಕೆ ಸುಮ್ಮನಿದ್ದಳು?' ಎಂಬ ಪ್ರಶ್ನೆಗೆ ಉತ್ತರ ಸರಳ. ಬಾಯಿ ಬಿಟ್ಟರೆ ಅನ್ನ ಹೋಗುವ ಕಡೆ ಯಾರೂ ಬಾಯಿ ಬಿಡರು.

ಧರ್ಮಸಂಸ್ಥೆಗಳಲ್ಲಿ ಮೌನಕ್ಕೆ ಇನ್ನೊಂದು ಹೆಸರನ್ನು ಕೊಡುವ ಪರಿಪಾಠವಿದೆ: ಉಪಗೂಹನ. ಸಂಸ್ಥೆಯ ಹೆಸರು ಕೆಡಬಾರದು, ಧರ್ಮಕ್ಕೆ ಅಪಪ್ರಚಾರವಾಗಬಾರದು, ಆದುದರಿಂದ ದೋಷವನ್ನು ಮುಚ್ಚುವುದೇ ಸಮ್ಯಗ್ದರ್ಶನದ ಅಂಗವೆಂದು ವಾದಿಸಲಾಗುತ್ತದೆ. ಇದು ಶಾಸ್ತ್ರದ ದುರುಪಯೋಗ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪಗೂಹನವನ್ನು ಹೇಳಿರುವುದು ಅಜ್ಞಾನಿಗಳೂ ಅಶಕ್ತರೂ ಆದವರ ತಪ್ಪಿನಿಂದ ನಿರ್ಮಲ ಮಾರ್ಗಕ್ಕೆ ಬರುವ ನಿಂದೆಯನ್ನು ನಿವಾರಿಸುವುದಕ್ಕಾಗಿ. ತಿಳಿದವನೂ ಬಲಶಾಲಿಯೂ ಆದ ಪದಾಧಿಕಾರಿಯು ಕೈಕೆಳಗಿನವಳ ಮೇಲೆ ಎಸಗಿದ ಅಪರಾಧವನ್ನು ಮುಚ್ಚಲು ಆ ಹೊದಿಕೆ ನೇಯಲ್ಪಟ್ಟಿಲ್ಲ. ಅದೂ ಅಲ್ಲದೆ ಉಪಗೂಹನದ ಬೆನ್ನಿಗೇ ಸ್ಥಿತೀಕರಣವೆಂಬ ಅಂಗವಿದೆ. ಜಾರಿದವನನ್ನು ಮರಳಿ ಸನ್ಮಾರ್ಗದಲ್ಲಿ ನಿಲ್ಲಿಸುವುದು ಅದರ ಅರ್ಥ. ತಪ್ಪನ್ನು ಗುರುತಿಸದೆ, ದಂಡಿಸದೆ, ಕುರ್ಚಿಯಿಂದ ಇಳಿಸದೆ ಯಾರನ್ನು ಎಲ್ಲಿ ನಿಲ್ಲಿಸುವುದು?

ಟ್ರಸ್ಟುಗಳ ಹೊಣೆ

ವಿಶಾಖಾ ತೀರ್ಪಿನ ಮುಂದುವರಿಕೆಯಾಗಿ ಬಂದ ಕಾರ್ಯಸ್ಥಳದ ಲೈಂಗಿಕ ಕಿರುಕುಳ ತಡೆ ಅಧಿನಿಯಮವು 2013ರ ಡಿಸೆಂಬರ್ 9ರಂದು ಜಾರಿಗೆ ಬಂದಿತು. ಅದು ಕಾರ್ಖಾನೆ, ಕಚೇರಿಗಳಿಗೆ ಮಾತ್ರ ಅನ್ವಯಿಸುವುದೆಂಬ ಭಾವನೆ ಸರಿಯಲ್ಲ. ಸಂಘ, ಸಂಸ್ಥೆ, ಟ್ರಸ್ಟುಗಳ ಹೆಸರನ್ನೂ ಅದು ಸ್ಪಷ್ಟವಾಗಿ ಸೇರಿಸಿದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಆಂತರಿಕ ಸಮಿತಿ ಕಡ್ಡಾಯ. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿಯಾಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು, ಹೊರಗಿನ ಸದಸ್ಯರೊಬ್ಬರಿರಬೇಕು. ಸಮಿತಿ ರಚಿಸದಿದ್ದರೆ 50,000 ರೂಪಾಯಿಗಳವರೆಗೆ ದಂಡವುಂಟು. ಘಟನೆಯ ಮೂರು ತಿಂಗಳೊಳಗೆ ದೂರು ಕೊಡಬಹುದು, ಕಾರಣವಿದ್ದರೆ ಇನ್ನೂ ಮೂರು ತಿಂಗಳ ಅವಧಿ ಸಿಗಬಹುದು; ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಹತ್ತಕ್ಕಿಂತ ಕಡಿಮೆ ಮಂದಿ ಇರುವಲ್ಲಿಂದಲೂ, ಮನೆಗೆಲಸದವರಿಂದಲೂ ಬರುವ ದೂರುಗಳಿಗೆ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇದೆ.

ಈ ಅಧಿನಿಯಮದ 16ನೆಯ ಕಲಮು ವಿಶೇಷವಾಗಿ ಮನನೀಯ. ದೂರಿನ ವಿವರ, ದೂರಿತ್ತವಳ, ಎದುರಾಳಿಯ ಮತ್ತು ಸಾಕ್ಷಿಗಳ ಗುರುತು ಪತ್ರಿಕೆಗಾಗಲಿ ಸಾರ್ವಜನಿಕರಿಗಾಗಲಿ ತಿಳಿಯಬಾರದೆಂದು ಅದು ವಿಧಿಸುತ್ತದೆ. ಆದರೆ ನ್ಯಾಯ ದೊರೆತ ಸಂಗತಿಯನ್ನು ಗುರುತು ಬಿಡದೆ ಪ್ರಕಟಿಸಬಹುದೆಂದೂ ಹೇಳುತ್ತದೆ. ಏಕಾಂತಕ್ಕೆ ರಕ್ಷೆ, ಅನ್ಯಾಯಕ್ಕೆ ವಿಚಾರಣೆ. ಇದು ರಹೋಭ್ಯಾಖ್ಯಾನವನ್ನು ತಡೆಯುವ ಮಾರ್ಗವೂ ಹೌದು, ದೋಷ ಮುಚ್ಚುವುದನ್ನು ತಡೆಯುವ ಮಾರ್ಗವೂ ಹೌದು.

ಬಸದಿಯ ಟ್ರಸ್ಟುಗಳು ಇಂದು ಬರಿಯ ಪೂಜೆ ನಡೆಸುವುದಿಲ್ಲ. ಶಾಲೆ, ವಿದ್ಯಾರ್ಥಿನಿಲಯ, ಭೋಜನಶಾಲೆ, ಯಾತ್ರಿನಿವಾಸಗಳನ್ನು ನಡೆಸುತ್ತಿವೆ. ಅಲ್ಲಿ ಪಾತ್ರೆ ತೊಳೆಯುವ, ಕಸ ಗುಡಿಸುವ, ಪಾಠ ಹೇಳುವ, ಲೆಕ್ಕ ಬರೆಯುವ ಹೆಣ್ಣುಮಕ್ಕಳಿದ್ದಾರೆ. ಜೀರ್ಣೋದ್ಧಾರದ ಲೆಕ್ಕವನ್ನು ಕಾಸು ಬಿಡದೆ ಪರಿಶೋಧಿಸುವ ಪದಾಧಿಕಾರಿಗಳು, ತಮ್ಮ ಸಂಸ್ಥೆಯಲ್ಲಿ ಈ ಸಮಿತಿ ಇದೆಯೇ, ಅದರ ಸದಸ್ಯರ ಹೆಸರುಗಳು ಗೋಡೆಯ ಮೇಲೆ ಕಾಣುವಂತಿವೆಯೇ ಎಂದು ವಾರ್ಷಿಕ ಸಭೆಯಲ್ಲಿ ಒಮ್ಮೆಯಾದರೂ ಕೇಳಬೇಕು. ದಾನಿಗಳ ಹೆಸರು ಕೆತ್ತಿದ ಶಿಲಾಫಲಕದ ಪಕ್ಕದಲ್ಲಿ ಆ ಒಂದು ಹಾಳೆಗೆ ಜಾಗವಿಲ್ಲದಿರಲಾರದು. ಹಾಸನದ ಸುದ್ದಿ ನೋಡಿ 'ಛೀ' ಎಂದ ಬಾಯಿ ಸ್ವಂತ ಸಂಸ್ಥೆಯಲ್ಲಿ ಮೌನ ತಾಳಿದರೆ, ಆ 'ಛೀ' ಕೂಡ ವಿಕಥೆಯ ಒಂದು ಭಾಗವೇ ಆಗುವುದು.

ಮನೆಗಳ ಹೊಣೆ ಇನ್ನೂ ಸರಳ. ಇಂತಹ ದೃಶ್ಯ ಮೊಬೈಲಿಗೆ ಬಂದಾಗ ಅದನ್ನು ತೆರೆಯದಿರುವುದು, ಮುಂದೆ ಕಳಿಸದಿರುವುದು, ಕಳಿಸಿದವರು ಬಂಧುಗಳಾದರೂ ಮಿತ್ರರಾದರೂ ತಪ್ಪೆಂದು ಹೇಳುವುದು. ಮಕ್ಕಳು ಕೇಳಿದರೆ ಗದರಿಸಿ ಸುಮ್ಮನಾಗಿಸದೆ, ಆ ಮಹಿಳೆಗೆ ಅನ್ಯಾಯವಾಗಿದೆ, ಬಲವುಳ್ಳವನು ಬಲವಿಲ್ಲದವಳ ಮಾತನ್ನು ಕಸಿದುಕೊಂಡಿದ್ದಾನೆ ಎಂದು ತಿಳಿಸಿ ಹೇಳುವುದು. ಬ್ರಹ್ಮಚರ್ಯದ ಪಾಠವನ್ನು ಹೆಣ್ಣುಮಕ್ಕಳಿಗೆ ಉಡುಪಿನ ಉಪದೇಶವಾಗಿ, ಗಂಡುಮಕ್ಕಳಿಗೆ ಬರಿಯ ಶ್ಲೋಕವಾಗಿ ಕಲಿಸುವ ರೂಢಿ ನಿಲ್ಲಬೇಕು.

ಮುಂದಿನ ಚುನಾವಣೆ ಬರುತ್ತದೆ. ಮುಂದಿನ ದೃಶ್ಯವೂ ಬರುತ್ತದೆ. ಅದನ್ನು ತಯಾರಿಸುವವರನ್ನೂ ಪ್ರಸಾರ ಮಾಡುವವರನ್ನೂ ತಡೆಯುವುದು ಎಲ್ಲರ ಕೈಯಲ್ಲಿಲ್ಲ. ಆದರೆ ಕೊಳ್ಳುವವರಿಲ್ಲದ ಸರಕು ಅಂಗಡಿಯಲ್ಲಿ ಬಹುಕಾಲ ಉಳಿಯದೆಂಬುದನ್ನು ವ್ಯಾಪಾರದ ಪರಂಪರೆಯುಳ್ಳ ಸಮಾಜಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.